ಹಿಂದೆ ಹಿಂದೆ ಸರಿಯುವ ಫೋಟೊಗ್ರಾಫರ್

ಫೋಟೊ ತೆಗೆಯುವವರು ಸಾಮಾನ್ಯವಾಗಿ ಎದುರಿಗೆ ನಿಂತವರಿಗೆ ಏನಾದರೊಂದು ಹೇಳುತ್ತಾರೆ. ಹತ್ತಿರ ಬನ್ನಿ, ನಗಿ, ಸೆರಗು ಸರಿಮಾಡಿಕೊಳ್ಳಿ, ಹೀಗೆ. ನಮ್ಮ ಯಜಮಾನರು ಏನೂ ಹೇಳುವುದಿಲ್ಲ. ತಾವೇ ಹಿಂದಕ್ಕೆ ಸರಿಯುತ್ತಾರೆ. ಕಣ್ಣು ಕ್ಯಾಮೆರಾದೊಳಗೆ, ಹಿಮ್ಮಡಿ ಗಾಳಿಯಲ್ಲಿ. ಠಾಣೆಯ ಮಾಸುಂದಾ ಕೆರೆಯ ದಂಡೆಯಲ್ಲಿ ಒಮ್ಮೆ ಹೀಗೆ ಸರಿಯುತ್ತ ಸರಿಯುತ್ತ ಭೇಳ್‌ಪುರಿ ಗಾಡಿಗೆ ಬೆನ್ನು ಕೊಟ್ಟು, ಹುಣಿಸೆ ಚಟ್ನಿಯ ಪಾತ್ರೆಯನ್ನು ಉರುಳಿಸಿದರು. ಗಾಡಿಯವನು ಕೂಗಾಡುತ್ತಿದ್ದಾಗಲೂ ಅವರ ಬೆರಳು ಗುಂಡಿ ಒತ್ತಿತ್ತು. ಆ ಫೋಟೊ ಇವತ್ತಿಗೂ ಇದೆ. ಅದರಲ್ಲಿ ಇಡೀ ಕೆರೆ ಇದೆ, ನಡುವಿನ ದೇವಸ್ಥಾನ ಇದೆ, ಆಚೆ ದಡದ ಕಟ್ಟಡಗಳಿವೆ, ದೋಣಿಗಳಿವೆ. ನಾನೂ ಇದ್ದೇನಂತೆ.

ಅವರು ವಿಜಾಪುರದ ಕಡೆಯ ಕುಲಕರ್ಣಿಗಳು. ವಾಗ್ಳೆ ಎಸ್ಟೇಟಿನಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ನಾನು ವಾರಿಜಾ, ಉಡುಪಿ ಕಡೆಯವಳು. ಆದರೆ ಹುಟ್ಟಿ ಬೆಳೆದದ್ದು ಕಲ್ಯಾಣದ ಚಾಳೆಂಬ ವಠಾರದಲ್ಲಿ. ತುಳು ಮಾತಾಡುವ ಮನೆಯಿಂದ ಬಂದ ನನಗೆ ಮದುವೆಯ ಹೊಸದರಲ್ಲಿ ಅವರ ಕನ್ನಡ ಅರ್ಧ ತಿಳಿಯುತ್ತಿರಲಿಲ್ಲ. ನನ್ನ ಕನ್ನಡ ಅವರಿಗೆ ರೇಡಿಯೋ ವಾರ್ತೆ ಓದಿದ ಹಾಗೆ ಕೇಳುತ್ತಿತ್ತು. ಹೀಗಾಗಿ ಇಬ್ಬರೂ ಕೆಲವು ವರ್ಷ ಕಡಿಮೆ ಮಾತಾಡಿದೆವು. ಅದರಿಂದ ಸಂಸಾರಕ್ಕೆ ಒಳ್ಳೆಯದೇ ಆಯಿತು ಎಂದು ನನ್ನ ಅಂದಾಜು.

ಅವರಿಗೆ ಸೇತುವೆಗಳೆಂದರೆ ಪ್ರೀತಿ. ಸೇತುವೆ, ಅಣೆಕಟ್ಟು, ನೀರಿನ ಟ್ಯಾಂಕು, ಕ್ರೇನು. ಬೇರೆಯವರು ಹೆಂಡತಿಯನ್ನು ಮಾಥೆರಾನ್ ಬೆಟ್ಟಕ್ಕೆ ಕರೆದುಕೊಂಡು ಹೋದರೆ ನಮ್ಮವರು ವಾಶಿಯಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಸೇತುವೆಗೆ ಕರೆದುಕೊಂಡು ಹೋಗುತ್ತಿದ್ದರು. ಪ್ರಿಂಟು ಹಾಕಿಸಿ ತಂದ ಫೋಟೊ ಹಿಡಿದು ನಾನು ಕೇಳುತ್ತಿದ್ದೆ: "ಇದ್ರಲ್ಲಿ ನಾನು ಎಲ್ಲಿ ಮಾರಾಯ್ರೆ?"

ಅವರು ಪೆನ್ನಿನ ತುದಿಯಿಂದ ತೋರಿಸುತ್ತಿದ್ದರು. "ಇಲ್ನೋಡು, ಈ ಕಂಬದ ಬಾಜೂಕ. ಹಸಿರು ಸೀರಿ."

"ಇದು ಯಾರೂ ಆಗಬಹುದಲ್ಲ?"

"ನಿನ್ನ ಮಾರಿ ನನಗ ಗೊತ್ತದಲ್ಲ. ಅದನ್ನ ಮತ್ತ ಯಾಕ ತಗೀಬೇಕು? ಬ್ರಿಜ್ ಇಷ್ಟ್ ಛಂದ ದಿನಾ ಸಿಗ್ತದೇನು?"

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ಹೇಳಿ.

ಫೋಟೊ ಎಂದರೆ ನನ್ನ ಕಾಲದಲ್ಲಿ ವರ್ಷಕ್ಕೊಮ್ಮೆ ಬರುವ ಸಂಗತಿ. ಅಪ್ಪ ಕಲ್ಯಾಣ ಸ್ಟೇಶನ್ನಿನ ಹತ್ತಿರದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ದೀಪಾವಳಿಯ ಆಚೀಚೆ ಒಂದು ಮಧ್ಯಾಹ್ನ ರಜೆ ಹಾಕಿ ನಮ್ಮನ್ನೆಲ್ಲ ಸ್ಟುಡಿಯೋಕ್ಕೆ ಕರೆದೊಯ್ಯುತ್ತಿದ್ದರು, ಊರಿನ ಅಜ್ಜಿಗೆ ಕಳಿಸಲು. ಸ್ಟುಡಿಯೋದವನ ಹತ್ತಿರ ಬಣ್ಣದ ಪರದೆಯೊಂದಿತ್ತು: ಕೊಳ, ಕಮಲ, ಕತ್ತು ಬಾಗಿಸಿದ ಹಂಸ. ಆ ಹಂಸದ ಮುಂದೆ ನಾನು, ಅಣ್ಣ, ಅಮ್ಮ, ಅಪ್ಪ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಪೌಡರು ಬೆವರಿನಲ್ಲಿ ಇಳಿದು ಕುತ್ತಿಗೆಯಲ್ಲಿ ಗೆರೆ ಕಟ್ಟುತ್ತಿತ್ತು. ಅವನು ಬಂದು ನನ್ನ ಗದ್ದವನ್ನು ಎರಡು ಬೆರಳಿನಿಂದ ಎತ್ತಿ, "ಆಂಖ್ ಬಡೀ ಕರೋ ಬೇಬಿ," ಎನ್ನುತ್ತಿದ್ದ. ನಾನು ಕಣ್ಣು ಎಷ್ಟು ದೊಡ್ಡದು ಮಾಡುತ್ತಿದ್ದೆನೆಂದರೆ ಎಲ್ಲ ಫೋಟೊದಲ್ಲೂ ಹಿಂದಿನ ಪರದೆಗೆ ಬೆಂಕಿ ಬಿದ್ದದ್ದನ್ನು ಕಂಡವಳ ಹಾಗೆ ಇದ್ದೇನೆ.

ಫೋಟೊ ಬಂದ ಮೇಲೆ ಅಮ್ಮನ ಕೆಲಸ. ಮನೆಯಲ್ಲಿದ್ದ ಫ್ರೇಮು ಚಿಕ್ಕದು, ಫೋಟೊ ದೊಡ್ಡದು. ಅಮ್ಮ ಹೊಲಿಗೆಯ ಕತ್ತರಿ ತೆಗೆದುಕೊಂಡು ಕೂರುತ್ತಿದ್ದಳು. ಯಾವ ಕಡೆ ಕತ್ತರಿಸುವುದು ಎಂದು ಬಹಳ ಹೊತ್ತು ಯೋಚಿಸುತ್ತಿದ್ದಳು. ಒಂದು ವರ್ಷ ನನ್ನ ಮೊಣಕೈ ಹೋಯಿತು, ಹಂಸ ಉಳಿಯಿತು. "ಹಂಸಕ್ಕೂ ಸೇರಿಸಿಯೇ ದುಡ್ಡು ಕೊಟ್ಟದ್ದಲ್ವಾ ಮಗಾ," ಎಂದಳು.

ಕ್ರಾಪು ಎಂದರೆ ನಮಗೆ ತಲೆಗೂದಲು ಮಾತ್ರ. ಅಣ್ಣನಿಗೆ ತಿಂಗಳಿಗೊಮ್ಮೆ ಕ್ರಾಪು. ಫೋಟೊಕ್ಕೂ ಕ್ರಾಪು ಮಾಡುತ್ತಾರೆಂದು, ಅದಕ್ಕೂ ಕೈ ಪಳಗಬೇಕೆಂದು ನನಗೆ ತಿಳಿದದ್ದು ಈಚೆಗೆ. ತಿಳಿಯಬೇಕಾಗಿ ಬಂದದ್ದು ನನ್ನ ಎಡಗಣ್ಣಿನ ರೆಪ್ಪೆಯ ದೆಸೆಯಿಂದ.

ಮೊದಲು ಗಮನಿಸಿದವರು ಎದುರು ಮನೆಯ ಜೋಶಿ ಕಾಕೂ. ನಾವಿರುವ ಡೊಂಬಿವಲಿಯಲ್ಲಿ ಎದುರು ಮನೆಯವರಿಗೆ ತಿಳಿಯದೆ ರೆಪ್ಪೆ ಬಿಡಿ, ಹಾಲಿನ ಕೆನೆಯೂ ಅಲುಗಾಡುವುದಿಲ್ಲ. ಒಂದು ಸಂಜೆ ಬಾಗಿಲಲ್ಲಿ ನಿಂತು, "ಝೋಪ್ ನಾಹೀ ಝಾಲೀ ಕಾ ಹೋ?" ಎಂದು ಕೇಳಿದರು. ನಾನು ಚೆನ್ನಾಗಿಯೇ ನಿದ್ದೆ ಮಾಡಿದ್ದೆ. ಒಳಗೆ ಬಂದು ಕನ್ನಡಿ ನೋಡಿದೆ. ಎಡಗಣ್ಣು ಅರ್ಧ ಮುಚ್ಚಿದ ಅಂಗಡಿಯ ಶಟರಿನ ಹಾಗಿತ್ತು. ಬೆಳಿಗ್ಗೆ ನೋಡಿದರೆ ಸರಿ ಇತ್ತು. ಹಾಗಾಗಿ ಬಿಟ್ಟುಬಿಟ್ಟೆ.

ಆಮೇಲೆ ಸಂಜೆಗಳಲ್ಲಿ ಒಂದು ಎರಡಾಗಿ ಕಾಣತೊಡಗಿತು. ಠಾಣೆ ಸ್ಟೇಶನ್ನಿನಲ್ಲಿ ನಿಂತಾಗ ಕಲ್ಯಾಣ ಲೋಕಲ್ಲು ಎರಡು ಬಂದವು, ಒಂದರ ಹೆಗಲ ಮೇಲೆ ಇನ್ನೊಂದು. ಎರಡರಲ್ಲೂ ಹತ್ತಲು ಜಾಗ ಇರಲಿಲ್ಲ ಎಂಬುದು ಬೇರೆ ಮಾತು. ಇವರಿಗೆ ಹೇಳಿದೆ. "ವಯಸ್ಸಾತು, ಚಷ್ಮಾ ಬದಲೀ ಮಾಡಸು," ಎಂದರು. ಬದಲಾಯಿಸಿದೆ. ಹೊಸ ಕನ್ನಡಕದಲ್ಲಿ ಎರಡೂ ಲೋಕಲ್ಲುಗಳು ಇನ್ನೂ ಸ್ಪಷ್ಟವಾಗಿ ಕಂಡವು.

ವಿಷಯ ನಿಜವಾಗಿ ಶುರುವಾದದ್ದು ಫೋನಿನಲ್ಲಿ. ನಮ್ಮ ಮಗಳು ಪಲ್ಲವಿ ಐರೋಲಿಯಲ್ಲಿ ಗಂಡನೊಂದಿಗೆ ಇದ್ದಾಳೆ, ಅಲ್ಲಿಯೇ ಕೆಲಸ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ. ಉತ್ತರ ಮಾತ್ರ ಬಾಯಿಗೆ ಯಾವುದು ಮೊದಲು ಬರುತ್ತದೋ ಅದರಲ್ಲಿ. ಒಂದು ಸಂಜೆ ಅವಳ ಹತ್ತಿರ ಏನೋ ಮಾತಾಡುತ್ತಿದ್ದೆ, ಪತ್ರೊಡೆಗೆ ಎಲೆ ಎಲ್ಲಿ ಸಿಕ್ಕಿತೆಂದು ಇರಬೇಕು. ಮಾತು ಮೂಗಿನೊಳಗೆ ಹೊಕ್ಕು, ನಾಲಗೆ ಒದ್ದೆ ಬಟ್ಟೆಯ ಹಾಗೆ ಭಾರವಾಯಿತು.

"ಅಮ್ಮಾ, ತುಮ್ ಐಸೇ ಕ್ಯೂಂ ಬೋಲ್ ರಹೀ ಹೋ?"

"ಹೇಗೆ?"

"ಪಪ್ಪಾಕೋ ಫೋನ್ ದೋ."

ಅವಳು ಆ ಸಂಜೆಯೇ ಬಂದಳು. ಅವಳನ್ನು ಕಂಡ ಕೂಡಲೇ ಇವರು, "ಏನೂ ಆಗಿಲ್ಲ, ಗ್ಯಾಸ್ ಆಗಿರ್ಬೇಕು," ಎಂದರು. ನಮ್ಮವರ ಪ್ರಕಾರ ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ಗ್ಯಾಸು. ಪಲ್ಲವಿ ನನ್ನ ಮುಖವನ್ನೇ ನೋಡುತ್ತ ನಿಂತಳು. ಹಾಗೆ ಯಾರಾದರೂ ಅಷ್ಟು ಹೊತ್ತು ನನ್ನ ಮುಖ ನೋಡಿ ಬಹಳ ಕಾಲವಾಗಿತ್ತು. ನನಗೆ ನಾಚಿಕೆಯಾಗಿ ಚಹಾಕ್ಕೆ ನೀರಿಟ್ಟೆ.

ಮಾರನೆಯ ದಿನವೇ ಠಾಣೆಯಲ್ಲಿ ನರಗಳ ಡಾಕ್ಟರ ಹತ್ತಿರ ಹೋದೆವು. ಮರಾಠಿ ಹೆಂಗಸು, ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು. ಮೇಲೆ ನೋಡಿ, ಕೆಳಗೆ ನೋಡಿ, ಕೈ ಎತ್ತಿ ಹಿಡಿಯಿರಿ, ಎಣಿಸುತ್ತ ಹೋಗಿ ಎಂದೆಲ್ಲ ಹೇಳಿ, ಕೊನೆಗೆ ರೆಪ್ಪೆ ಯಾವಾಗಿನಿಂದ ಹೀಗಿದೆ ಎಂದು ಕೇಳಿದರು.

"ಈಗ ಕೆಲವು ತಿಂಗಳಿಂದ," ಎಂದೆ ನಾನು.

"ನಹೀ ನಹೀ, ಇಸಕಾ ಪಹಲೇಸೇ ಐಸಾಚ್ ಹೈ," ಎಂದರು ಇವರು, ಮೊದಲಿನಿಂದಲೂ ಹೀಗೇ ಎಂದು, ಅಷ್ಟೇ ಖಂಡಿತವಾಗಿ.

ಡಾಕ್ಟರು ಇಬ್ಬರನ್ನೂ ನೋಡಿದರು. ಯಾರು ಹೇಳಿದ್ದನ್ನೂ ಬರೆದುಕೊಳ್ಳಲಿಲ್ಲ. ಹುಟ್ಟಿನಿಂದ ಇದ್ದರೆ ಒಂದು ಮಾತು, ವಯಸ್ಸಿಗೆ ತಕ್ಕಂತೆ ಮೆಲ್ಲಮೆಲ್ಲನೆ ಇಳಿದಿದ್ದರೆ ಇನ್ನೊಂದು, ಬಂದು ಹೋಗಿ ಮಾಡುತ್ತಿದ್ದರೆ ಅದೇ ಬೇರೆ ಎಂದರು. ರಕ್ತ ಪರೀಕ್ಷೆಗೆ, ಸ್ಕ್ಯಾನಿಗೆ ಬರೆದುಕೊಟ್ಟರು. ತಲೆಯದೂ, ಎದೆಯದೂ. ನುಂಗಲು ಕಷ್ಟವಾದರೆ, ಉಸಿರು ಕಟ್ಟಿದಂತಾದರೆ ಕ್ಷಣವೂ ಕಾಯದೆ ಆಸ್ಪತ್ರೆಗೆ ಬನ್ನಿ ಎಂದರು. ಆಮೇಲೆ ಕೇಳಿದರು: "ಹಳೆಯ ಫೋಟೊ ಇವೆಯಾ? ಮುಖ ಚೆನ್ನಾಗಿ ಕಾಣುವಂಥವು?"

ನಾನು ಇವರ ಕಡೆ ತಿರುಗಿದೆ. ಪಲ್ಲವಿಯೂ ತಿರುಗಿದಳು.

"ಫೋಟೊ ಭರಪೂರ್ ಅವ," ಎಂದರು ಇವರು ಕನ್ನಡದಲ್ಲಿ, ಯಾರಿಗೆಂದಿಲ್ಲದೆ. ಅವರ ದನಿಯಲ್ಲಿ ಆತ್ಮವಿಶ್ವಾಸ ಸ್ವಲ್ಪ ಕಡಿಮೆಯಿತ್ತು.

ರಿಪೋರ್ಟು ಬರುವವರೆಗೆ ಕಾಯುವ ದಿನಗಳು. ನಾನು ಅಟ್ಟದ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ, ತೊಳೆದು, ಒಣಗಿಸಿ, ಮತ್ತೆ ಏರಿಸಿದೆ. ತಲೆಯೊಳಗೆ ಏನಾದರೂ ಬೆಳೆದಿದ್ದರೆ ಎಂದು ಯೋಚನೆ ಬರುತ್ತಿತ್ತು. ಬಂದಾಗ, ಸಾಸಿವೆ ಡಬ್ಬಕ್ಕೆ ಹೊಸ ಚೀಟಿ ಅಂಟಿಸಬೇಕು ಎಂಬ ಯೋಚನೆಯನ್ನು ಅದರ ಪಕ್ಕ ತಂದು ಕೂರಿಸುತ್ತಿದ್ದೆ. ಎರಡೂ ಜಗಳವಾಡದೆ ಕೂತಿರುತ್ತಿದ್ದವು. ಊಟಕ್ಕೆ ಚಪಾತಿ ಬೇಡ, ಗಂಜಿ ಸಾಕು ಎನ್ನುತ್ತಿದ್ದೆ. ಇವರೂ ಗಂಜಿಯನ್ನೇ ಉಂಡರು. ವಿಜಾಪುರದ ಮನುಷ್ಯ ರೊಟ್ಟಿ ಬಿಟ್ಟು ಗಂಜಿ ಉಣ್ಣುವುದು ಸಾಧಾರಣ ಸಂಗತಿಯಲ್ಲ.

ಭಾನುವಾರ ಪಲ್ಲವಿ ತನ್ನ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೆ ಇಟ್ಟಳು. ಇವರ ಫೋಟೊಗಳೆಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿದ್ದವು, ವರ್ಷದ ಪ್ರಕಾರ, ಊರಿನ ಪ್ರಕಾರ, ಶಿಸ್ತಾಗಿ. ಅವಳು ಒಂದೊಂದೇ ತೆರೆದಳು. ಸೇತುವೆ. ಸೇತುವೆ. ಕ್ರೇನು. ಮುಂಬ್ರಾದ ಗುಡ್ಡ. ಸೇತುವೆ. ಪ್ರತಿಯೊಂದರಲ್ಲೂ ಎಲ್ಲೋ ಒಂದು ಮೂಲೆಯಲ್ಲಿ, ಎಲೆಯ ತುದಿಗೆ ಬಿದ್ದ ಅನ್ನದ ಅಗುಳಿನಷ್ಟು ನಾನು.

"ಪಪ್ಪಾ, ಯೇ ಅಮ್ಮಾ ಹೈ ಯಾ ಖಂಬಾ?"

"ಖಂಬಾ ಆಕೀ ಬಾಜೂಕ ಅದ," ಎಂದರು ಇವರು.

ಪಲ್ಲವಿ ಕತ್ತರಿಸತೊಡಗಿದಳು. ಪರದೆಯ ಮೇಲೆ ಒಂದು ಚೌಕ ಮೂಡಿತು. ಅದರ ಅಂಚುಗಳನ್ನು ಹಿಡಿದು ಎಳೆದಳು. ಆಕಾಶ ಹೋಯಿತು, ನೀರು ಹೋಯಿತು, ಕಬ್ಬಿಣದ ತೊಲೆಗಳು ಹೋದವು.

"ಅಯ್ಯ, ಬ್ರಿಜ್ ಕತ್ತರಸ್ತೀಯೇನ?" ಎಂದು ಇವರು ಕುರ್ಚಿಯಿಂದ ಅರ್ಧ ಎದ್ದರು.

"ಕಾಪಿ ಹೈ ಪಪ್ಪಾ. ನಿಮ್ಮ ಬ್ರಿಜ್ ಅಲ್ಲೇ ಇದೆ."

ಕೂತರು. ಆದರೆ ಪ್ರತಿ ಸಲ ಚೌಕ ಕಿರಿದಾದಾಗಲೂ ಅವರ ಮುಖ ನೋಡಲಾಗುತ್ತಿರಲಿಲ್ಲ. ಕತ್ತರಿಸಿ ಹಿಗ್ಗಿಸಿದರೆ ಕೆಲವು ಕಡೆ ನನ್ನ ಮುಖದ ಬದಲು ಗೋಧಿ ಬಣ್ಣದ ನಾಲ್ಕು ಬಿಲ್ಲೆಗಳು ಮಾತ್ರ ಉಳಿಯುತ್ತಿದ್ದವು. ಹಳೆಯ ಕ್ಯಾಮೆರಾದವು ಹಾಗೆಯೇ, ಏನೂ ಪ್ರಯೋಜನವಿಲ್ಲ. ಆದರೆ ನಿವೃತ್ತಿಯ ಹೊತ್ತಿಗೆ ಅವರು ಒಳ್ಳೆಯ ಕ್ಯಾಮೆರಾ ಕೊಂಡಿದ್ದರು. ಸೇತುವೆಯ ಪ್ರತಿ ಮೊಳೆಯೂ ಕಾಣಬೇಕು ಎಂದು ಆರಿಸಿದ್ದು. ಆ ಮೊಳೆಗಳ ಪುಣ್ಯದಿಂದ ನನ್ನ ಮುಖವೂ ಉಳಿದಿತ್ತು.

ಹೀಗೆ ಕತ್ತರಿಸುವಾಗ ನಡುವೆ ಒಂದು ಫೋಟೊ ಬಂತು. ಕಲ್ಯಾಣದ ದುರ್ಗಾಡಿ ಕೋಟೆ, ಖಾಡಿ, ಮರಳು ತುಂಬಿದ ದೋಣಿಗಳು. ಪಲ್ಲವಿ ಎಡಮೂಲೆಯ ತುಂಡೊಂದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ತೆಗೆದಳು. ನಾನು ಮಂಜುಗಡ್ಡೆ ತುರಿದು ಮಾಡಿದ ಬರ್ಫಿನ ಗೋಲಾ ತಿನ್ನುತ್ತಿದ್ದೆ. ಕೆಂಪು ರಸ ಮೊಣಕೈವರೆಗೆ ಇಳಿದಿತ್ತು, ಅದನ್ನು ತಪ್ಪಿಸಿಕೊಳ್ಳಲು ಸೊಂಟ ಬಾಗಿಸಿ, ಯಾರೋ ಹೇಳಿದ ಮಾತಿಗೆ ಬಾಯಿ ತೆರೆದು ನಗುತ್ತಿದ್ದೆ. ಬಿಸಿಲು ಒಂದು ಕೆನ್ನೆಯ ಮೇಲಿತ್ತು. ನನಗೇ ಆ ಹೆಂಗಸಿನ ಗುರುತು ತಟ್ಟನೆ ಹತ್ತಲಿಲ್ಲ.

ಇವರು ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಗ್ಗಿದರು. "ಇದನ್ನ ಯಾರ್ ತಗದಾರ?"

"ನೀವೇ," ಎಂದಳು ಪಲ್ಲವಿ.

ಅವರು ಕನ್ನಡಕ ತೆಗೆದು, "ಛಲೋ ಬಂದದ," ಎಂದು ಹೇಳಿ, ನೀರು ಕುಡಿಯಲು ಒಳಗೆ ಹೋದರು. ನೀರಿನ ಜಗ್ಗು ಮೇಜಿನ ಮೇಲೆಯೇ ಇತ್ತು.

ಉಪಯೋಗಕ್ಕೆ ಬಂದ ತುಂಡುಗಳನ್ನು ಪ್ರಿಂಟು ಹಾಕಿಸಿ ಡಾಕ್ಟರ ಹತ್ತಿರ ಒಯ್ದೆವು. ಅವರು ಅವನ್ನು ಇಸ್ಪೀಟು ಎಲೆಯ ಹಾಗೆ ಮೇಜಿನ ಮೇಲೆ ಹರಡಿದರು. ಹಿನ್ನೆಲೆಯ ಬೆಳಕು ನೋಡಿ, ಇವು ಬೆಳಗಿನವು, ಇವು ಸಂಜೆಯವು ಎಂದು ಎರಡು ಸಾಲು ಮಾಡಿದರು. ಇವರು ತಪ್ಪಿದ್ದನ್ನು ತಿದ್ದಿದರು. ಯಾವ ಸೇತುವೆಯ ಮೇಲೆ ಯಾವಾಗ ಬಿಸಿಲು ಬೀಳುತ್ತದೆಂದು ಅವರಿಗೆ ಬಾಯಿಪಾಠ. ಹಳೆಯವುಗಳಲ್ಲಿ ಎರಡೂ ಕಣ್ಣು ಸಮ. ಈಚಿನವುಗಳಲ್ಲಿ ಬೆಳಗಿನ ಸಾಲಿನ ಕಣ್ಣುಗಳು ಸರಿಯಾಗಿದ್ದವು. ಸಂಜೆಯ ಸಾಲಿನಲ್ಲಿ ಎಡರೆಪ್ಪೆ ಇಳಿದಿತ್ತು. ಪಕ್ಕಪಕ್ಕ ಇಟ್ಟಾಗ ಯಾರಿಗಾದರೂ ಕಾಣುವಂತಿತ್ತು.

ಡಾಕ್ಟರು ಒಂದು ಕೈಗವಸಿನಲ್ಲಿ ಬರ್ಫು ಕಟ್ಟಿ ನನ್ನ ಮುಚ್ಚಿದ ರೆಪ್ಪೆಯ ಮೇಲೆ ಇಟ್ಟರು. ಸ್ವಲ್ಪ ಹೊತ್ತಾದ ಮೇಲೆ ತೆಗೆದು, ಕಣ್ಣು ಬಿಡಿ ಎಂದರು. ಬಿಟ್ಟೆ. ಪಲ್ಲವಿ "ಅರೇ!" ಎಂದಳು. ರೆಪ್ಪೆ ಮೇಲೆದ್ದಿತ್ತು.

ಸ್ನಾಯುಗಳು ಬೇಗ ದಣಿಯುವ ಕಾಯಿಲೆಯಂತೆ. ಅದಕ್ಕೊಂದು ಉದ್ದದ ಹೆಸರಿದೆ. ರಕ್ತದ ರಿಪೋರ್ಟೂ ಅದನ್ನೇ ಹೇಳಿತು. ತಲೆಯಲ್ಲಿ ಏನೂ ಇರಲಿಲ್ಲ. ಇದನ್ನು ಡಾಕ್ಟರು ಹೇಳಿದಾಗ ಇವರು ಜೋರಾಗಿ ಉಸಿರು ಬಿಟ್ಟು, "ಥ್ಯಾಂಕ್ಯೂ," ಎಂದರು. ನನ್ನ ತಲೆಯ ಬಗ್ಗೆ ಅವರಿಗೆ ಮೊದಲಿನಿಂದಲೂ ಇದ್ದ ಅಭಿಪ್ರಾಯ ಖಚಿತವಾಯಿತೋ ಏನೋ. ಎದೆಯ ಸ್ಕ್ಯಾನೂ ಚೊಕ್ಕವಾಗಿತ್ತು. ಕಾಯಿಲೆ ಪೂರ್ತಿ ಹೋಗುವುದೆಂದು ಮಾತು ಕೊಡುವುದಿಲ್ಲ, ಆದರೆ ಮಾತ್ರೆ ಇದೆ, ಹತೋಟಿಯಲ್ಲಿ ಇಡಬಹುದು ಎಂದರು. ಇಷ್ಟು ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ಗಂಟಲಿಗೆ, ಉಸಿರಿಗೆ ಪೂರ್ತಿ ಹತ್ತಿದ್ದರೆ ಕಷ್ಟವಾಗುತ್ತಿತ್ತು ಎಂದೂ ಹೇಳಿದರು. ಮಾತ್ರೆಯ ಪ್ರಮಾಣ ಗೊತ್ತುಮಾಡಲು ದಿನವೂ ಬೆಳಿಗ್ಗೆ ಒಂದು, ಸಂಜೆ ಒಂದು ಫೋಟೊ ತೆಗೆದು ಕಳಿಸಬೇಕೆಂದರು. ಇವರ ಕಡೆ ಬೆರಳು ತೋರಿಸಿ, "ಹತ್ತಿರದಿಂದ," ಎಂದರು. "ಮುಖ ಮಾತ್ರ."

ನಮ್ಮ ಅಡುಗೆಮನೆಯ ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿದೆ. ಅಲ್ಲಿ ನನ್ನನ್ನು ನಿಲ್ಲಿಸಿ ಇವರು ಎಂದಿನಂತೆ ಹಿಂದಕ್ಕೆ ಸರಿದರು. ಫ್ರಿಜ್ಜು ತಡೆಯಿತು. ಬಲಕ್ಕೆ ಸರಿದರು, ಸಿಲಿಂಡರು. ಡೊಂಬಿವಲಿಯ ಅಡುಗೆಮನೆಯಲ್ಲಿ ಯಾರೂ ಯಾರಿಂದಲೂ ದೂರ ಹೋಗಲಾರರು. ಬೇರೆ ದಾರಿಯಿಲ್ಲದೆ ಮುಂದೆ ಬಂದರು. ಮೊದಲ ದಿನದ ಫೋಟೊದಲ್ಲಿ ಹಣೆ ಮತ್ತು ಹಿಂದಿನ ಇಡ್ಲಿ ಪಾತ್ರೆ. ಎರಡನೆಯದರಲ್ಲಿ ಮೂಗಿನ ಹೊಳ್ಳೆಗಳು. ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು ಹೆಂಡತಿಯ ಮುಖದ ಎದುರು ಮೊಳದ ದೂರದಲ್ಲಿ ನಿಂತು, ಯಾರಾದರೂ ನೋಡುತ್ತಾರೇನೋ ಎಂಬಂತೆ ಬಾಗಿಲ ಕಡೆ ನೋಡುತ್ತಿದ್ದರು. ನನಗೂ ಎಲ್ಲಿ ನೋಡಬೇಕೆಂದು ತಿಳಿಯದೆ ಅವರ ಅಂಗಿಯ ಗುಂಡಿ ನೋಡುತ್ತಿದ್ದೆ.

"ಮ್ಯಾಲ ನೋಡು."

"ಎಲ್ಲಿ ಮೇಲೆ?"

"ನನ್ನ ನೋಡು."

ನೋಡಿದೆ. ಅವರು ಕ್ಯಾಮೆರಾ ಇಳಿಸಿ ನನ್ನ ಕೆನ್ನೆಯ ಹತ್ತಿರ ಬಗ್ಗಿದರು. "ಇಲ್ಲೊಂದು ಮಚ್ಚಿ ಅದ. ಇದು ಯಾವಾಗ ಆತು? ಡಾಕ್ಟರಿಗೆ ಹೇಳ್ಬೇಕೇನು?"

"ಹುಟ್ಟುವಾಗಲೇ ಇತ್ತು ಮಾರಾಯ್ರೆ. ಅದು ಬಿಡಿ, ಬೇಗ ತೆಗೀರಿ. ಹಾಲು ಉಕ್ಕುತ್ತದೆ."

ಕೆಲವೇ ವಾರಗಳಲ್ಲಿ ಅವರ ಕೈ ಕುದುರಿತು. ಎಷ್ಟು ಕುದುರಿತೆಂದರೆ ಹೊಸದಾಗಿ ಮತಕ್ಕೆ ಸೇರಿದವರ ಉತ್ಸಾಹ ಬಂತು. ಪಲ್ಲವಿಯಿಂದ ಕ್ರಾಪು ಕಲಿತು, ಕಂಡದ್ದನ್ನೆಲ್ಲ ಕತ್ತರಿಸಿದರು. ಸೊಸೈಟಿಯ ಗಣಪತಿಯ ಫೋಟೊ ತೆಗೆದು ಸೊಂಡಿಲು ಮತ್ತು ಮೋದಕ ಮಾತ್ರ ಉಳಿಸಿ ಕಟ್ಟಡದ ವಾಟ್ಸಾಪ್ ಗುಂಪಿಗೆ ಹಾಕಿದರು. ಸೆಕ್ರೆಟರಿಯ ಭಾಷಣದಲ್ಲಿ ಬಾಯಿ ಮಾತ್ರ ಉಳಿಸಿದರು. ಜೋಶಿ ಕಾಕೂ ತಮ್ಮ ಹೊಸ ಪೈಠಣಿ ಸೀರೆ ಫೋಟೊದಲ್ಲಿ ಎಲ್ಲೂ ಕಾಣದೆ ಎರಡು ದಿನ ನಮ್ಮ ಕಡೆ ಬಾಗಿಲು ತೆರೆಯಲಿಲ್ಲ. "ಬ್ಯಾಡಾದದ್ದು ತಗದ್ರ ಬೇಕಾದದ್ದು ಕಾಣ್ತದ," ಎಂದು ಇವರು ಅವರಿಗೆ ವಿವರಿಸಲು ಹೋಗಿ, ಪೈಠಣಿ ಯಾವ ಪಟ್ಟಿಗೆ ಸೇರುತ್ತದೆಂದು ಹೇಳಲಾಗದೆ ವಾಪಸು ಬಂದರು.

ಮಾತ್ರೆಗೆ ಕಣ್ಣು ಒಗ್ಗಿದೆ. ಸಂಜೆಯೂ ಲೋಕಲ್ಲು ಒಂದೇ ಕಾಣುತ್ತದೆ. ಒಮ್ಮೊಮ್ಮೆ, ಬಹಳ ದಣಿದ ದಿನ, ರೆಪ್ಪೆ ಇಳಿಯುತ್ತದೆ, ಆಗ ಕೂತುಕೊಳ್ಳುತ್ತೇನೆ. ಕೂತುಕೊಳ್ಳಲು ಡಾಕ್ಟರ ಅಪ್ಪಣೆ ಇರುವುದು ಎಷ್ಟು ಸುಖವೆಂದು ಕಾಯಿಲೆಯಿಲ್ಲದವರಿಗೆ ತಿಳಿಯಲಾರದು.

ಮೊನ್ನೆ ಪಲ್ಲವಿ ಹಾಲ್‌ನ ಗೋಡೆಗೆ ನನ್ನದೊಂದು ಫೋಟೊ ದೊಡ್ಡದಾಗಿ ಹಾಕೋಣ ಎಂದಳು. ಇವರ ಹತ್ತಿರ ಈಗ ನನ್ನ ಮುಖಗಳಿಗೆ ಬರವಿಲ್ಲ. ಅವಳು ಬೆಳಗಿನವುಗಳಲ್ಲಿ ಒಂದನ್ನು ಆರಿಸಿದಳು, ಕಣ್ಣು ಎರಡೂ ನೆಟ್ಟಗೆ, ಕುಂಕುಮ ನೆಟ್ಟಗೆ. ಇವರು ಬೇಡವೆಂದರು. ಬಹಳ ಹುಡುಕಿ ಇನ್ನೊಂದು ತೆಗೆದರು. ಮಾತ್ರೆ ಹೊಂದುವ ಮೊದಲಿನ ಒಂದು ಸಂಜೆಯದು. ಕಿಟಕಿಯ ಬೆಳಕು ಓರೆಯಾಗಿ ಬಿದ್ದಿದೆ, ತುಟಿಯ ಒಂದು ಕೊನೆ ಏನೋ ಹೇಳಲು ಹೊರಟಂತೆ ಮೇಲಕ್ಕೆ ಹೋಗಿದೆ, ಎಡಗಣ್ಣು ಬಹುತೇಕ ಮುಚ್ಚಿದೆ.

"ಪಪ್ಪಾ, ಇದ್ರಲ್ಲಿ ಅಮ್ಮನ ತಬಿಯತ್ ಖರಾಬ್ ಥೀ!"

"ಬಂದವರು ಎಂತ ಹೇಳಿಯಾರು? ಕಾಯಿಲೆಯ ಫೋಟೊ ಗೋಡೆಗೆ ಹಾಕ್ತಾರಾ?" ಎಂದೆ ನಾನೂ.

ಅವರು ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಫೋಟೊವನ್ನು ಕೈಯಲ್ಲಿ ಹಿಡಿದು, ಸ್ವಲ್ಪ ದೂರ ಮಾಡಿ, ಮತ್ತೆ ಹತ್ತಿರ ತಂದು ನೋಡಿದರು.

"ಇದರಾಗ ಆಕಿ ನನಗ ಕಣ್ಣ ಹೊಡದಂಗ ಅದ," ಎಂದರು. "ಇದೇ ಇರ್ಲಿ."

ಈಗ ಅದೇ ಇದೆ, ಹಾಲ್‌ನಲ್ಲಿ, ಟೀವಿಯ ಮೇಲುಗಡೆ. ಬಂದವರು ನೋಡಿ ನಗುತ್ತಾರೆ, ಜೋಶಿ ಕಾಕೂ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ರೋಗದ ಲಕ್ಷಣವೆಂದು ನಾನು ಯಾರಿಗೂ ಹೇಳಲು ಹೋಗುವುದಿಲ್ಲ.